ಶೇಲ್ ಕಲ್ಲಿಗೆ ಯಾವ ಪರೀಕ್ಷೆ? ಇರುವ ಸ್ಯಾಂಪಲ್‌ಗೆ, ಇರುವ ದುಡ್ಡಿಗೆ ತಕ್ಕ ಆಯ್ಕೆ

ಕಳೆದ ತಿಂಗಳು ಪಾಂಡವಪುರದ ಕಡೆಯ ಹುಡುಗನೊಬ್ಬ ನನ್ನ ಮೇಜಿನ ಮೇಲೆ ಹದಿನಾಲ್ಕು ಕವರ್ ಇಟ್ಟ. ಒಂದೊಂದರಲ್ಲೂ ಕಪ್ಪು ಕಲ್ಲಿನ ತುಂಡು. ಜಾರ್ಖಂಡ್-ಪಶ್ಚಿಮ ಬಂಗಾಳದ ದಾಮೋದರ ಕಣಿವೆಯಲ್ಲಿ ಕಲ್ಲಿದ್ದಲಿಗಾಗಿ ಕೊರೆದ ಬೋರ್‌ಹೋಲ್‌ನಿಂದ ತೆಗೆದ ಕೋರ್, ಅಂದರೆ ಉರುಳೆಯಾಕಾರದ ಕಲ್ಲು. ಪರ್ಮಿಯನ್ ಕಾಲದ, ಅಂದರೆ ಇಪ್ಪತ್ತೈದು-ಮೂವತ್ತು ಕೋಟಿ ವರ್ಷ ಹಿಂದಿನ ಶೇಲ್. ಜೇಡಿ ಪದರಪದರವಾಗಿ ಕೂತು ಗಟ್ಟಿಯಾದ ಕಲ್ಲು ಅದು. ಎಂ.ಎಸ್ಸಿ ಪ್ರಾಜೆಕ್ಟ್‌ಗೆ ಅಂತ ಅವರಿವರನ್ನು ಕೇಳಿ ಸಂಪಾದಿಸಿದ್ದ. "ಮೇಡಂ, ಇದರಲ್ಲಿ ಎಷ್ಟು ಗ್ಯಾಸ್ ಇದೆ ಅಂತ ಬರೆಯಬೇಕು. ಯಾವ ಟೆಸ್ಟ್ ಮಾಡಿಸಿದರೆ ಒಳ್ಳೆಯದು?" ಅಂತ ಕೇಳಿದ. ಜೇಬಿನಲ್ಲಿದ್ದದ್ದು ಇಪ್ಪತ್ತೈದು ಸಾವಿರ ರೂಪಾಯಿ.

ಮೈಸೂರಿನಲ್ಲಿ ಭೂವಿಜ್ಞಾನ ಹೇಳಿಕೊಡುವ ನನಗೆ ಈ ಪ್ರಶ್ನೆ ಹೊಸದಲ್ಲ. ಆದರೆ ನಮ್ಮೂರಿನಲ್ಲಿ ಕೂತು ಶೇಲ್ ಓದುವುದು ಸ್ವಲ್ಪ ಕಷ್ಟ. ಚಾಮುಂಡಿ ಬೆಟ್ಟ ಗ್ರಾನೈಟ್. ಮಂಡ್ಯದ ಕಡೆ ಎಲ್ಲಿ ಬಾವಿ ತೋಡಿದರೂ ನೈಸ್ ಅನ್ನುವ ಪಟ್ಟೆಪಟ್ಟೆ ಬಂಡೆ. ಇಂಥ ಕಲ್ಲಿನಲ್ಲಿ ಗ್ಯಾಸ್ ಹುಟ್ಟುವ ಮಾತೇ ಇಲ್ಲ. ಹಾಗಾಗಿ ನಮ್ಮ ವಿದ್ಯಾರ್ಥಿಗಳಿಗೆ ಶೇಲ್ ಅನ್ನುವುದು ಹೊರಗಿನಿಂದ ಬರುವ ವಸ್ತು. ಕೈಗೆ ಸಿಗುವುದೇ ಸ್ವಲ್ಪ. ಆ ಸ್ವಲ್ಪವನ್ನೂ ತಪ್ಪು ಪರೀಕ್ಷೆಗೆ ಪುಡಿ ಮಾಡಿಬಿಟ್ಟರೆ ಮತ್ತೆ ಸಿಗುವುದಿಲ್ಲ. ಅದಕ್ಕೇ ಆ ಹುಡುಗನಿಗೆ ಹೇಳಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. "ಗ್ಯಾಸ್ ಇದೆಯಾ?" ಅನ್ನುವುದು ಒಂದು ಪ್ರಶ್ನೆ. "ಇರುವ ಗ್ಯಾಸ್ ಹೊರಗೆ ಬರುತ್ತದಾ?" ಅನ್ನುವುದು ಬೇರೆಯದೇ ಪ್ರಶ್ನೆ. ಕಬ್ಬು ಬೆಳೆಯುವವರ ಮನೆ ಹುಡುಗನಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳಲಿಲ್ಲ. ಎಕರೆಗೆ ಎಷ್ಟು ಟನ್ ಕಬ್ಬು ಬಂತು ಅನ್ನುವುದು ಒಂದು ಲೆಕ್ಕ, ಅದರಿಂದ ಎಷ್ಟು ಸಕ್ಕರೆ ಇಳುವರಿ ಬಂತು ಅನ್ನುವುದು ಇನ್ನೊಂದು. ಶೇಲ್‌ನಲ್ಲೂ ಹಾಗೆಯೇ. ನಮ್ಮ ಹೆಚ್ಚಿನ ಪ್ರಾಜೆಕ್ಟ್‌ಗಳು ಇರುವ ದುಡ್ಡನ್ನೆಲ್ಲ ಮೊದಲ ಪ್ರಶ್ನೆಗೇ ಸುರಿದು, ಎರಡನೆಯದನ್ನು ಕೊನೆಯ ಪುಟದಲ್ಲಿ ಎರಡು ಸಾಲಿಗೆ ಮುಗಿಸುತ್ತವೆ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ.

ಒಂದೇ ದೇಶ, ಎರಡು ಲೆಕ್ಕ

ಅಳೆಯುವ ದಾರಿ ಬದಲಾದರೆ ಉತ್ತರ ಎಷ್ಟು ಬದಲಾಗುತ್ತದೆ ಅನ್ನುವುದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. 2012ರಲ್ಲಿ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಯುಎಸ್‌ಜಿಎಸ್, ಭಾರತದ ಬಾಂಬೆ, ಕಾವೇರಿ, ಕೃಷ್ಣಾ-ಗೋದಾವರಿ ಪ್ರದೇಶಗಳಲ್ಲಿ ಈಗಿನ ತಂತ್ರಜ್ಞಾನದಿಂದ ತೆಗೆಯಬಹುದಾದ ಶೇಲ್ ಗ್ಯಾಸ್ ಸುಮಾರು 6.1 ಟಿಸಿಎಫ್ ಅಂತ ಅಂದಾಜು ಮಾಡಿತು. ಮರುವರ್ಷ, 2013ರಲ್ಲಿ, ಅದೇ ಅಮೆರಿಕದ ಇಂಧನ ಮಾಹಿತಿ ಸಂಸ್ಥೆ ಇಐಎ 96 ಟಿಸಿಎಫ್ ಅಂದಿತು.

ಟಿಸಿಎಫ್ ಅಂದರೆ ಲಕ್ಷ ಕೋಟಿ ಘನ ಅಡಿ. ಮಂಡ್ಯದವರಿಗೆ ಇದನ್ನು ಟಿಎಂಸಿಯಲ್ಲಿ ಹೇಳಿದರೆ ತಟ್ಟನೆ ಹೊಳೆಯುತ್ತದೆ. ಒಂದು ಟಿಸಿಎಫ್‌ಗೆ ಸಾವಿರ ಟಿಎಂಸಿ. ಕನ್ನಂಬಾಡಿ ಕಟ್ಟೆ ತುಂಬಿದಾಗ 49.45 ಟಿಎಂಸಿ. ಅಂದರೆ ಯುಎಸ್‌ಜಿಎಸ್ ಲೆಕ್ಕದ ಗ್ಯಾಸ್ ಸುಮಾರು 123 ಕನ್ನಂಬಾಡಿಯಷ್ಟು, ಇಐಎ ಲೆಕ್ಕದ್ದು 1,900ಕ್ಕೂ ಜಾಸ್ತಿ ಕನ್ನಂಬಾಡಿಯಷ್ಟು. ಇದು ಗ್ಯಾಸ್ ನೆಲದ ಮೇಲೆ ಬಂದು ಹಿಗ್ಗಿದಾಗಿನ ಗಾತ್ರ ಅನ್ನುವುದು ನೆನಪಿರಲಿ.

ಇಷ್ಟು ವ್ಯತ್ಯಾಸ ಯಾಕೆ? ಇಐಎ ದಾಮೋದರ ಕಣಿವೆಯನ್ನೂ ಸೇರಿಸಿಕೊಂಡು ನಾಲ್ಕು ಬೇಸಿನ್ (ಪದರಗಲ್ಲು ತುಂಬಿಕೊಂಡ ತಗ್ಗು) ನೋಡಿತು. ಅದು ಮೊದಲು ಕಲ್ಲಿನೊಳಗೆ ಇರುವ ಒಟ್ಟು ಗ್ಯಾಸನ್ನು ಲೆಕ್ಕ ಹಾಕಿತು. ಅಂದಾಜು ಹುಸಿಯಾಗುವ ಅಪಾಯಕ್ಕೆ ಅಂತ ಒಂದಷ್ಟು ಕಳೆದ ಮೇಲೆ ಅದು 584 ಟಿಸಿಎಫ್ ಆಯಿತು. ಅದರಲ್ಲಿ ಇಷ್ಟು ಪಾಲು ಹೊರಬರಬಹುದು ಅಂತ ಇಟ್ಟುಕೊಂಡಿತು. ಆ ಪಾಲು ಆರರಲ್ಲಿ ಒಂದರಷ್ಟು. ಯುಎಸ್‌ಜಿಎಸ್‌ನ ದಾರಿಯೇ ಬೇರೆ, ಒಂದು ಬಾವಿಯಿಂದ ಎಷ್ಟು ಗ್ಯಾಸ್ ಬರಬಹುದು ಅನ್ನುವುದರಿಂದ ಅದರ ಲೆಕ್ಕ ಶುರು. ಕಲ್ಲು ಅದೇ ದೇಶದ್ದು, ಕೇಳಿದ ಪ್ರಶ್ನೆ ಬೇರೆ. ನಿಮ್ಮ ಪ್ರಾಜೆಕ್ಟ್‌ನಲ್ಲೂ ಇದೇ ಆಗುತ್ತದೆ, ಸಣ್ಣ ಪ್ರಮಾಣದಲ್ಲಿ.

ಇಲ್ಲೇ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. "ಕಾವೇರಿ ಬೇಸಿನ್‌ನಲ್ಲಿ ಗ್ಯಾಸ್" ಅಂತ ಓದಿ, ಶ್ರೀರಂಗಪಟ್ಟಣದ ಹತ್ತಿರ ಬೋರ್ ಕೊರೆಯುತ್ತಾರಾ ಅಂತ ಕೇಳಿದವರಿದ್ದಾರೆ. ಇಲ್ಲ. ಭೂವಿಜ್ಞಾನಿಗಳು ಕಾವೇರಿ ಬೇಸಿನ್ ಅನ್ನುವುದು ತಮಿಳುನಾಡಿನ ಕರಾವಳಿಯ ಅಡಿಯಲ್ಲಿ, ತಂಜಾವೂರು-ನಾಗಪಟ್ಟಣದ ಕಡೆ ಇರುವ ದಪ್ಪ ಪದರಗಲ್ಲುಗಳನ್ನು. ಅಲ್ಲಿನ ಡೆಲ್ಟಾ ಜಿಲ್ಲೆಗಳನ್ನು ತಮಿಳುನಾಡು 2020ರಲ್ಲಿ ಕಾನೂನು ಮಾಡಿ ಸಂರಕ್ಷಿತ ಕೃಷಿ ವಲಯ ಅಂತ ಘೋಷಿಸಿತು. ಹೊಸ ತೈಲ, ಗ್ಯಾಸ್ ಬಾವಿಗಳಿಗೆ ಅಲ್ಲಿ ತಡೆ ಬಿದ್ದಿದೆ. ನದಿ ನಮ್ಮದೂ ಹೌದು, ಆ ಕಲ್ಲು ಮಾತ್ರ ನಮ್ಮಲ್ಲಿಲ್ಲ.

ಕೋರ್, ಕಟಿಂಗ್ಸ್, ಹೊರಗಲ್ಲು

ಯಾವ ಪರೀಕ್ಷೆ ಅಂತ ಯೋಚಿಸುವ ಮೊದಲು ಕೈಯಲ್ಲಿರುವುದು ಏನು ಅಂತ ನೋಡಿಕೊಳ್ಳಿ. ಕೋರ್ ಇದ್ದರೆ ನೀವು ಪುಣ್ಯವಂತರು. ಆಳ ಗೊತ್ತು, ಪದರ ಗೊತ್ತು, ಬೇಕಾದ ಆಕಾರಕ್ಕೆ ಕತ್ತರಿಸಬಹುದು. ಕಟಿಂಗ್ಸ್ ಅಂದರೆ ಬಾವಿ ಕೊರೆಯುವಾಗ ಮಣ್ಣುನೀರಿನ ಜೊತೆ ಮೇಲೆ ಬರುವ ಚೂರು. ಇದರಲ್ಲಿ ಮೇಲಿನ ಪದರದ ಚೂರೂ ಬೆರೆತಿರುತ್ತದೆ. ಕೊರೆಯಲು ಎಣ್ಣೆ ಬೆರೆಸಿದ ಮಡ್ ಬಳಸಿದ್ದರೆ, ಕಲ್ಲಿನಲ್ಲಿ ಇಲ್ಲದ ಎಣ್ಣೆಯೂ ಲೆಕ್ಕಕ್ಕೆ ಬರುತ್ತದೆ. ಸಾವಯವ ಇಂಗಾಲ, ಖನಿಜ ಇವೆರಡಕ್ಕೆ ಕಟಿಂಗ್ಸ್ ಸಾಕು. ಕಲ್ಲಿನ ಗಟ್ಟಿತನ, ಅನಿಲ ಹರಿಯುವಿಕೆ ಅಳೆಯಲು ಸಾಲದು.

ಹೊರಗಲ್ಲು, ಅಂದರೆ ನೆಲದ ಮೇಲೆ ಕಾಣುವ ಶೇಲ್, ಉಚಿತವಾಗಿ ಸಿಗುತ್ತದೆ. ಕರ್ನಾಟಕದಲ್ಲಿ ಕಲಬುರಗಿ-ಯಾದಗಿರಿ ಕಡೆಯ ಭೀಮಾ ಬೇಸಿನ್, ಬಾಗಲಕೋಟೆ ಕಡೆಯ ಕಲಾದಗಿ ಬೇಸಿನ್‌ಗಳಲ್ಲಿ ನೋಡಬಹುದು. ಶಹಾಬಾದ್ ಕಲ್ಲಿನ ಜೊತೆಜೊತೆಗೇ ಶೇಲ್ ಪದರಗಳಿವೆ. ಆದರೆ ಬಿಸಿಲು ಮಳೆಗೆ ಒಡ್ಡಿಕೊಂಡ ಕಲ್ಲಿನಲ್ಲಿ ಇಂಗಾಲ ಕಡಿಮೆಯಾಗಿರುತ್ತದೆ. ಹಗುರ ಹೈಡ್ರೋಕಾರ್ಬನ್ ಯಾವತ್ತೋ ಹೋಗಿರುತ್ತದೆ. ಪೈರೈಟ್ ಅನ್ನುವ ಕಬ್ಬಿಣ-ಗಂಧಕದ ಖನಿಜ ಕರಗಿ ಹೊಸ ಖಾಲಿ ಜಾಗ ಹುಟ್ಟಿರುತ್ತದೆ. ಹೊರಗಲ್ಲಿನಲ್ಲಿ ಸಂಖ್ಯೆ ಕಡಿಮೆ ಬಂದರೆ "ಈ ಪದರದಲ್ಲಿ ಏನೂ ಇಲ್ಲ" ಅಂತ ಬರೆಯಬೇಡಿ. ಮೇಲಿನ ಒಂದೆರಡು ಅಡಿ ಅಗೆದು, ಒಳಗಿನ ತಾಜಾ ಕಲ್ಲು ತೆಗೆಯಿರಿ.

ಇಂಗಾಲದ ಲೆಕ್ಕ: ಬರೀ ಟಿಒಸಿಯೋ, ರಾಕ್-ಇವಾಲ್ ಕೂಡ ಬೇಕೋ

ಶೇಲ್ ಗ್ಯಾಸ್‌ನಲ್ಲಿ ಗ್ಯಾಸ್ ಹುಟ್ಟಿದ ಕಲ್ಲೇ ಗ್ಯಾಸ್ ಇಟ್ಟುಕೊಂಡ ಕಲ್ಲು. ಹಾಗಾಗಿ ಎಲ್ಲ ಶುರುವಾಗುವುದು ಅದರಲ್ಲಿರುವ ಸಾವಯವ ಇಂಗಾಲದಿಂದ. ಇದನ್ನು ಟಿಒಸಿ ಅನ್ನುತ್ತಾರೆ. ತೂಕದಲ್ಲಿ 2% ದಾಟಿದರೆ ಮುಂದೆ ನೋಡಬಹುದು ಅನ್ನುವುದು ಸಾಮಾನ್ಯ ಗೆರೆ. ಎರಡು ಪರ್ಸೆಂಟ್ ಅಂದರೆ ಕಡಿಮೆ ಅನಿಸಬಹುದು. ಆದರೆ ಈ ಸಾವಯವ ವಸ್ತು ಕಲ್ಲಿಗಿಂತ ಬಹಳ ಹಗುರ, ಸಾಂದ್ರತೆ ಸುಮಾರು ಅರ್ಧ. ತೂಕದಲ್ಲಿ 2% ಇದ್ದರೆ ಗಾತ್ರದಲ್ಲಿ 4%ರ ಹತ್ತಿರ ಬರುತ್ತದೆ.

ಇದನ್ನು ಅಳೆಯಲು ಎರಡು ಮುಖ್ಯ ದಾರಿ. ಒಂದರಲ್ಲಿ ಪುಡಿಗೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಸುಣ್ಣದ ಇಂಗಾಲ ತೆಗೆದು, ಉಳಿದದ್ದನ್ನು ಸುಟ್ಟು, ಬಂದ ಕಾರ್ಬನ್ ಡೈಆಕ್ಸೈಡ್ ಅಳೆಯುತ್ತಾರೆ. ಖರ್ಚು ಕಡಿಮೆ, ಸಂಖ್ಯೆ ನಂಬುವಂಥದ್ದು. ಆದರೆ ಒಂದೇ ಸಂಖ್ಯೆ. ಎಷ್ಟು ಇಂಗಾಲ ಅಂತ ಹೇಳುತ್ತದೆ, ಎಂಥದ್ದು ಅಂತ ಹೇಳುವುದಿಲ್ಲ.

ಇನ್ನೊಂದು ರಾಕ್-ಇವಾಲ್. 1970ರ ದಶಕದಲ್ಲಿ ಫ್ರೆಂಚ್ ಪೆಟ್ರೋಲಿಯಂ ಸಂಸ್ಥೆಯವರು ರೂಪಿಸಿದ ಯಂತ್ರ. ಒಂದು ಚಿಟಿಕೆಗಿಂತ ಕಡಿಮೆ, ಸುಮಾರು 60ರಿಂದ 100 ಮಿಲಿಗ್ರಾಂ ಪುಡಿ ಸಾಕು. ಆಮ್ಲಜನಕ ಇಲ್ಲದೆ ಕಾಯಿಸುತ್ತಾರೆ. 300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದಾಗ ಆಗಲೇ ಹುಟ್ಟಿ ಕೂತಿದ್ದ ಹೈಡ್ರೋಕಾರ್ಬನ್ ಹೊರಬರುತ್ತದೆ, ಅದು ಎಸ್1. ಆಮೇಲೆ ನಿಮಿಷಕ್ಕೆ 25 ಡಿಗ್ರಿಯಂತೆ 650ರವರೆಗೆ ಏರಿಸುತ್ತಾರೆ. ಆಗ ಉಳಿದ ಸಾವಯವ ವಸ್ತು ಒಡೆದು ಬರುವುದು ಎಸ್2. ಎಸ್2 ಅತಿ ಹೆಚ್ಚು ಬರುವ ಬಿಸಿಯೇ ಟಿ-ಮ್ಯಾಕ್ಸ್. ಎಸ್2 ಅನ್ನು ಟಿಒಸಿಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಹೈಡ್ರೋಜನ್ ಇಂಡೆಕ್ಸ್. ಒಂದೇ ಸಲಕ್ಕೆ ಎಷ್ಟು, ಎಂಥದ್ದು, ಭೂಮಿಯೊಳಗಿನ ಬಿಸಿಗೆ ಎಷ್ಟು ಬೆಂದಿದೆ, ಮೂರೂ ಗೊತ್ತಾಗುತ್ತದೆ.

ದುಡ್ಡು ಒಂದಕ್ಕೇ ಇದ್ದರೆ ರಾಕ್-ಇವಾಲ್ ಮಾಡಿಸಿ. ಇದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದರ ಸಂಖ್ಯೆಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಎಸ್2 ತೀರಾ ಕಡಿಮೆ, ಗ್ರಾಂಗೆ 0.2 ಮಿಲಿಗ್ರಾಂಗಿಂತ ಕೆಳಗೆ ಬಂದರೆ ಟಿ-ಮ್ಯಾಕ್ಸ್‌ಗೆ ಅರ್ಥವಿಲ್ಲ. ಇಂಗಾಲ ಕಡಿಮೆ ಇದ್ದು ಜೇಡಿ ಜಾಸ್ತಿ ಇದ್ದರೆ, ಒಡೆದು ಬಂದ ಹೈಡ್ರೋಕಾರ್ಬನ್ ಜೇಡಿಗೇ ಅಂಟಿಕೊಂಡು ಎಸ್2 ಕಡಿಮೆ ಕಾಣುತ್ತದೆ. ಇನ್ನೂ ಮುಖ್ಯವಾದದ್ದು: ಹೈಡ್ರೋಜನ್ ಇಂಡೆಕ್ಸ್ ಕಡಿಮೆ ಬರಲು ಎರಡು ಕಾರಣ ಇರುತ್ತದೆ. ಆ ವಸ್ತು ಮೊದಲಿನಿಂದಲೇ ಮರಗಿಡದ ಮೂಲದ್ದು, ಹೈಡ್ರೋಜನ್ ಕಡಿಮೆ ಇದ್ದದ್ದು. ಅಥವಾ ಒಳ್ಳೆಯ ವಸ್ತುವೇ ಚೆನ್ನಾಗಿ ಬೆಂದು, ಕೊಡುವುದನ್ನೆಲ್ಲ ಕೊಟ್ಟು ಮುಗಿಸಿದ್ದು. ಎರಡರ ಕಥೆ ಪೂರ್ತಿ ಬೇರೆ, ಸಂಖ್ಯೆ ಒಂದೇ.

ನನ್ನದೇ ಅನುಭವ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಲ್ಯಾಬ್‌ಗೆ ಭೀಮಾ ಬೇಸಿನ್‌ನ ಆರು ಸ್ಯಾಂಪಲ್ ಕಳಿಸಿದ್ದೆ. ಟಿಒಸಿ 7, 8% ಅಂತ ಬಂತು. ಎರಡು ದಿನ ಖುಷಿಯಲ್ಲಿ ನಿದ್ದೆ ಬರಲಿಲ್ಲ. ಆಮೇಲೆ ಅನುಮಾನ ಬಂದು ಪುಡಿಯ ಮೇಲೆ ಎರಡು ಹನಿ ಆಮ್ಲ ಬಿಟ್ಟೆ. ಬುರುಬುರು ಅಂತ ನೊರೆ ಎದ್ದಿತು. ಸುಣ್ಣದ ಇಂಗಾಲವನ್ನು ತೆಗೆಯದೆಯೇ ಸುಟ್ಟಿದ್ದರು. ಮತ್ತೆ ಮಾಡಿಸಿದಾಗ ಒಂದೂ 1% ಮುಟ್ಟಲಿಲ್ಲ. ಅಂದಿನಿಂದ ಸ್ಯಾಂಪಲ್ ಕಳಿಸುವ ಮೊದಲು ನಾನೇ ಆಮ್ಲದ ಹನಿ ಬಿಟ್ಟು ನೋಡುತ್ತೇನೆ. "ಆಮ್ಲದಿಂದ ತೊಳೆದಿದ್ದೀರಾ, ಎಷ್ಟು ಹೊತ್ತು?" ಅಂತ ಬರೆದು ಕೇಳುತ್ತೇನೆ. ನೀವೂ ಕೇಳಿ. ಕೇಳಲು ಸಂಕೋಚ ಬೇಡ.

ಎಷ್ಟು ಬೆಂದಿದೆ

ಅನ್ನದ ಅಗುಳು ಹಿಚುಕಿ ನೋಡುವ ಹಾಗೆ ಕಲ್ಲಿಗೂ ಬೆಂದ ಹದ ನೋಡಬೇಕು. ಹಳೆಯ, ಎಲ್ಲರೂ ಒಪ್ಪುವ ಅಳತೆ ವಿಟ್ರಿನೈಟ್ ರಿಫ್ಲೆಕ್ಟೆನ್ಸ್. ಮರದ ಅಂಶದಿಂದ ಆದ ವಿಟ್ರಿನೈಟ್ ಕಣಗಳು ಬೆಂದಷ್ಟೂ ಬೆಳಕನ್ನು ಹೆಚ್ಚು ಹಿಂದಕ್ಕೆ ಬೀರುತ್ತವೆ. ಸುಮಾರು 0.6%ರಿಂದ 1.3%ರವರೆಗೆ ಎಣ್ಣೆಯ ಹದ. 1.3% ದಾಟಿದರೆ ಒಣ ಗ್ಯಾಸ್ ಕಡೆಗೆ ಹೊರಟಿತು ಅಂತ ಲೆಕ್ಕ. ಇದಕ್ಕೆ ಕಣ್ಣು ಪಳಗಿದ ಮನುಷ್ಯ ಬೇಕು. ಮೈಕ್ರೋಸ್ಕೋಪ್ ಅಡಿಯಲ್ಲಿ ಒಂದೊಂದೇ ಕಣ ಹುಡುಕಿ ಹತ್ತಾರು ಅಳತೆ ತೆಗೆಯಬೇಕು. ಹಳೆಯ ಕಲ್ಲಿನಿಂದ ತೊಳೆದು ಬಂದು ಸೇರಿಕೊಂಡ ಕಣವನ್ನು ಬೇರೆ ಮಾಡಬೇಕು. ಲಖನೌದ ಬೀರಬಲ್ ಸಾಹ್ನಿ ಸಂಸ್ಥೆ, ಧನಬಾದ್‌ನ ಗಣಿ-ಇಂಧನ ಸಂಶೋಧನಾ ಸಂಸ್ಥೆ ಸಿಂಫರ್ ಇಂಥ ಕಡೆ ಈ ವಿದ್ಯೆ ಬಲ್ಲವರಿದ್ದಾರೆ.

ಟಿ-ಮ್ಯಾಕ್ಸ್ ಇದಕ್ಕಿಂತ ಸುಲಭ, ರಾಕ್-ಇವಾಲ್ ಜೊತೆಗೇ ಬರುತ್ತದೆ. ಅದನ್ನು ವಿಟ್ರಿನೈಟ್ ಅಳತೆಗೆ ತಿರುಗಿಸಲು ಒಂದು ಸೂತ್ರವನ್ನು ಎಲ್ಲರೂ ಬಳಸುತ್ತಾರೆ: ಟಿ-ಮ್ಯಾಕ್ಸ್ ಅನ್ನು 0.018ರಿಂದ ಗುಣಿಸಿ 7.16 ಕಳೆಯುವುದು. 450 ಡಿಗ್ರಿ ಇದ್ದರೆ 0.94% ಬರುತ್ತದೆ. ಆದರೆ ಇದು ಟೆಕ್ಸಾಸ್‌ನ ಬಾರ್ನೆಟ್ ಶೇಲ್‌ನಿಂದ ಬಂದ ಸೂತ್ರ. ಅಲ್ಲಿನದು ಸಮುದ್ರದ ಜೀವಿಗಳ ಮೂಲದ ವಸ್ತು. ದಾಮೋದರ ಕಣಿವೆಯದು ನೆಲದ ಗಿಡಮರದ್ದು. ಕೆಲವು ಸ್ಯಾಂಪಲ್‌ಗಾದರೂ ಎರಡೂ ಅಳತೆ ಮಾಡಿಸಿ, ತಾಳೆ ನೋಡಿ, ಆಮೇಲೆ ಬಳಸಿ.

ಇಲ್ಲಿ ಕಲ್ಲಿನ ವಯಸ್ಸೇ ಆಯ್ಕೆಯನ್ನು ತೀರ್ಮಾನ ಮಾಡಿಬಿಡುತ್ತದೆ. ಭೀಮಾ, ಕಲಾದಗಿ ಶೇಲ್‌ಗಳು ಪ್ರೊಟೆರೊಜೊಯಿಕ್ ಕಾಲದವು, ಅಂದರೆ ಸುಮಾರು 54 ಕೋಟಿ ವರ್ಷಕ್ಕೂ ಹಿಂದಿನವು. ಆಗ ನೆಲದ ಮೇಲೆ ಮರವೇ ಇರಲಿಲ್ಲ. ಮರ ಇಲ್ಲದ ಮೇಲೆ ವಿಟ್ರಿನೈಟ್ ಎಲ್ಲಿಂದ ಬರಬೇಕು? ಅಂಥ ಕಲ್ಲಿಗೆ ಗಟ್ಟಿ ಬಿಟುಮೆನ್‌ನ (ಎಣ್ಣೆ ಗಟ್ಟಿಯಾಗಿ ಉಳಿದ ಟಾರಿನಂಥ ವಸ್ತು) ಹೊಳಪು ಅಳೆದು ಅದನ್ನು ಪರಿವರ್ತಿಸಬೇಕು, ಅಥವಾ ಲೇಸರ್ ಬೆಳಕು ಬಿಟ್ಟು ಅದು ಚೆದುರುವ ಬಗೆ, ಅಂದರೆ ರಾಮನ್ ಸ್ಪೆಕ್ಟ್ರಾ ನೋಡಬೇಕು. ರಾಮನ್‌ಗೆ ಕಲ್ಲು ಹಾಳಾಗುವುದಿಲ್ಲ, ಬೇಗ ಆಗುತ್ತದೆ. ಹೆಚ್ಚು ಬೆಂದ ಕಲ್ಲಿಗೆ ನನಗಂತೂ ಅದು ಇಷ್ಟ. ನಮ್ಮ ರಾಮನ್ ಅವರ ಹೆಸರಿನ ವಿದ್ಯೆ ಅನ್ನುವ ಪ್ರೀತಿಯೂ ಸ್ವಲ್ಪ ಇದೆ.

ದಾಮೋದರ ಕಣಿವೆಯವರು ಇನ್ನೊಂದು ಎಚ್ಚರ ಇಟ್ಟುಕೊಳ್ಳಿ. ಅಲ್ಲಿ ಕಲ್ಲಿದ್ದಲ ಪದರಗಳನ್ನು ಸೀಳಿಕೊಂಡು ಬಂದ ಶಿಲಾರಸದ ಡೈಕ್‌ಗಳು ಬಹಳ. ಡೈಕ್ ಪಕ್ಕದ ಶೇಲ್ ಸೀದುಹೋಗಿರುತ್ತದೆ. ಅದರ ಸಂಖ್ಯೆ ಇಡೀ ಬೇಸಿನ್ನಿನ ಸಂಖ್ಯೆ ಅಲ್ಲ.

ಖಾಲಿ ಜಾಗ: ನಾಲ್ಕು ಯಂತ್ರ, ನಾಲ್ಕು ಉತ್ತರ

ಶೇಲ್‌ನೊಳಗಿನ ಖಾಲಿ ಜಾಗ ಕಣ್ಣಿಗೆ ಕಾಣುವಂಥದ್ದಲ್ಲ. ಮೀಥೇನ್ ಅಣುವಿನ ಅಡ್ಡಳತೆ 0.38 ನ್ಯಾನೊಮೀಟರ್. ಅದು ಕೂತಿರುವ ರಂಧ್ರಗಳು ಎಷ್ಟೋ ಸಲ ಅದರ ಹತ್ತು ಪಟ್ಟು ಕೂಡ ಇರುವುದಿಲ್ಲ. ಎರಡು ನ್ಯಾನೊಮೀಟರ್‌ಗಿಂತ ಸಣ್ಣವು ಮೈಕ್ರೋ, ಎರಡರಿಂದ ಐವತ್ತು ಮೀಸೊ, ಅದಕ್ಕಿಂತ ದೊಡ್ಡವು ಮ್ಯಾಕ್ರೋ. ಯಾವ ಯಂತ್ರವೂ ಎಲ್ಲವನ್ನೂ ನೋಡುವುದಿಲ್ಲ. ಜರಡಿಯ ಕಣ್ಣು ಹೇಗೋ ಹಾಗೆ.

ಪಾದರಸವನ್ನು 60,000 ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡ್) ಒತ್ತಡದಲ್ಲಿ ನುಗ್ಗಿಸಿದರೆ ಸುಮಾರು 3 ನ್ಯಾನೊಮೀಟರ್‌ವರೆಗೆ ಇಳಿಯಬಹುದು. ಆದರೆ ಅಷ್ಟು ಒತ್ತಡಕ್ಕೆ ಕಲ್ಲೇ ಕುಗ್ಗುತ್ತದೆ. ಸ್ಯಾಂಪಲ್ ಮತ್ತೆ ಯಾವ ಕೆಲಸಕ್ಕೂ ಬರುವುದಿಲ್ಲ. ನೈಟ್ರೋಜನ್ ಅನಿಲವನ್ನು ಮೈನಸ್ 196 ಡಿಗ್ರಿಯಲ್ಲಿ ಹೀರಿಸುವ ವಿಧಾನ ಮೀಸೊ ರಂಧ್ರಗಳಿಗೆ ಚೆನ್ನಾಗಿ ಹೊಂದುತ್ತದೆ. ಸೊನ್ನೆ ಡಿಗ್ರಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹೀರಿಸಿದರೆ ಮೈಕ್ರೋ ರಂಧ್ರ ಸಿಗುತ್ತದೆ. ಗ್ಯಾಸ್ ಅಂಟಿಕೊಳ್ಳುವುದು ಹೆಚ್ಚಾಗಿ ಈ ಮೈಕ್ರೋ ರಂಧ್ರಗಳಲ್ಲೇ. ಆದ್ದರಿಂದ ನೈಟ್ರೋಜನ್ ಒಂದನ್ನೇ ಮಾಡಿಸಿ ನಿಲ್ಲಿಸಬೇಡಿ. ಹೀಲಿಯಂ ಒಟ್ಟು ಜಾಗ ಹೇಳುತ್ತದೆ. ಆದರೆ ಹೀಲಿಯಂ ಮೀಥೇನ್‌ಗಿಂತ ಸಣ್ಣ ಅಣು. ಮೀಥೇನ್ ಹೋಗಲಾಗದ ಸಂದಿಗೂ ಅದು ಹೋಗಿ ಕೂರುತ್ತದೆ.

ನೈಟ್ರೋಜನ್ ಯಂತ್ರ ಎಷ್ಟೋ ರಸಾಯನಶಾಸ್ತ್ರ ವಿಭಾಗಗಳಲ್ಲಿ ಇರುತ್ತದೆ. ಬಿಇಟಿ ಅಂತ ಕೇಳಿದರೆ ತೋರಿಸುತ್ತಾರೆ. ಒಂದೇ ಮಾತು ಹೇಳಿ ಕೊಡಿ. ಅವರು ಕೆಟಲಿಸ್ಟ್ ಪುಡಿಗಳನ್ನು 200, 300 ಡಿಗ್ರಿಯಲ್ಲಿ ಒಣಗಿಸುವುದು ರೂಢಿ. ಶೇಲ್‌ಗೆ ಅಷ್ಟು ಬಿಸಿ ಕೊಟ್ಟರೆ ಸಾವಯವ ವಸ್ತುವೇ ಬದಲಾಗುತ್ತದೆ. "110 ಡಿಗ್ರಿ ದಾಟಿಸಬೇಡಿ, ಬೇಕಾದರೆ ರಾತ್ರಿಯಿಡೀ ಬಿಡಿ" ಅಂತ ಚೀಟಿ ಬರೆದು ಅಂಟಿಸಿ. ಈ ಒಂದು ಚೀಟಿ ಬರೆಯದೆ ಹಾಳಾದ ಸ್ಯಾಂಪಲ್‌ಗಳನ್ನು ನೋಡಿ ನನಗೆ ಹೊಟ್ಟೆ ಉರಿದಿದೆ.

ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಚಿತ್ರ ಬೇಕೇ? ಬೇಕು, ಆದರೆ ಕೊನೆಗೆ. ಮುರಿದ ಮುಖದ ಮೇಲೆ ತೆಗೆದ ಚಿತ್ರದಲ್ಲಿ ಕಣ ಕಿತ್ತುಹೋದ ಗುಂಡಿಯೂ ರಂಧ್ರದ ಹಾಗೆ ಕಾಣುತ್ತದೆ. ಅಯಾನ್ ಕಿರಣದಿಂದ ನಯ ಮಾಡಿದ ಮುಖ ಇದ್ದರೆ ಮಾತ್ರ ಸಾವಯವ ವಸ್ತುವಿನೊಳಗಿನ ನ್ಯಾನೊ ರಂಧ್ರ ನಿಜವಾಗಿ ತೋರುತ್ತದೆ.

ಅನಿಲ ಹರಿಯುವ ಸಾಮರ್ಥ್ಯದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಶೇಲ್‌ನಲ್ಲಿ ಇದನ್ನು ನ್ಯಾನೊಡಾರ್ಸಿಯಲ್ಲಿ ಅಳೆಯುತ್ತಾರೆ, ಡಾರ್ಸಿ ಅನ್ನುವ ಅಳತೆಯ ನೂರು ಕೋಟಿಯಲ್ಲಿ ಒಂದು ಪಾಲು. ಉರುಳೆಯಾಕಾರದ ಪ್ಲಗ್‌ನಲ್ಲಿ ಪಲ್ಸ್-ಡಿಕೇ (ಅನಿಲದ ಒತ್ತಡ ಎಷ್ಟು ಬೇಗ ಇಳಿಯುತ್ತದೆ ಅಂತ ನೋಡುವ ಪರೀಕ್ಷೆ) ಮಾಡಿದರೆ ಬಿರುಕುಗಳೂ ಲೆಕ್ಕಕ್ಕೆ ಸೇರುತ್ತವೆ, ಸಂಖ್ಯೆ ಜಾಸ್ತಿ ಬರುತ್ತದೆ. ಪುಡಿಯಲ್ಲಿ ಮಾಡಿದರೆ ಬಿರುಕಿಲ್ಲದ ಕಲ್ಲಿನ ಗುಣ ಸಿಗುತ್ತದೆ. ಆದರೆ ಭೂಮಿಯೊಳಗಿನ ಒತ್ತಡ ಅಲ್ಲಿರುವುದಿಲ್ಲ. ಎರಡನ್ನೂ ಒಂದೇ ಗ್ರಾಫ್‌ನಲ್ಲಿ ಹಾಕಬೇಡಿ.

ಕಟ್ಟೆಯ ಸಾಮರ್ಥ್ಯ, ಇವತ್ತಿನ ನೀರಿನ ಮಟ್ಟ

ಜಾಸ್ತಿ ಗೊಂದಲ ಆಗುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಶೇಲ್‌ನಲ್ಲಿ ಗ್ಯಾಸ್ ಎರಡು ರೀತಿ ಇರುತ್ತದೆ. ರಂಧ್ರದ ನಡುವೆ ಓಡಾಡಿಕೊಂಡಿರುವುದು ಬಿಡಿ ಗ್ಯಾಸ್. ಸಾವಯವ ವಸ್ತು ಮತ್ತು ಜೇಡಿಯ ಮೈಗೆ ಅಂಟಿಕೊಂಡಿರುವುದು ಅಂಟಿದ ಗ್ಯಾಸ್. ಅಂಟಿದ್ದನ್ನು ಅಂದಾಜು ಮಾಡಲು ಲ್ಯಾಂಗ್ಮೂರ್ ಐಸೊಥರ್ಮ್ ಮಾಡಿಸುತ್ತಾರೆ. ಪುಡಿಗೆ ಮೀಥೇನ್ ಕೊಟ್ಟು, ಒತ್ತಡ ಏರಿಸುತ್ತಾ, ಎಷ್ಟು ಹೀರಿಕೊಂಡಿತು ಅಂತ ನೋಡುವುದು. ಉದಾಹರಣೆಗೆ, ಒಂದು ಕಲ್ಲಿನ ಗರಿಷ್ಠ ಮಿತಿ ಟನ್ನಿಗೆ 100 ಘನ ಅಡಿ, ಅದರ ಅರ್ಧ ತುಂಬುವ ಒತ್ತಡ 1,000 ಪಿಎಸ್‌ಐ ಅಂದುಕೊಳ್ಳಿ. ಆಳದಲ್ಲಿ 3,000 ಪಿಎಸ್‌ಐ ಇದ್ದರೆ ಅದು ಹಿಡಿಯಬಲ್ಲದ್ದು 75 ಘನ ಅಡಿ.

"ಹಿಡಿಯಬಲ್ಲದ್ದು" ಅನ್ನುವ ಮಾತನ್ನು ಗಮನಿಸಿ. ಕನ್ನಂಬಾಡಿಯ ಪೂರ್ತಿ ಮಟ್ಟ 124.80 ಅಡಿ. ಅದು ಕಟ್ಟೆಯ ಸಾಮರ್ಥ್ಯ. ಇವತ್ತು ಎಷ್ಟಿದೆ ಅಂತ ತಿಳಿಯಲು ಮಂಡ್ಯದ ರೈತ ಬೆಳಿಗ್ಗೆ ಪೇಪರ್ ನೋಡುತ್ತಾನೆ. ಐಸೊಥರ್ಮ್ ಹೇಳುವುದು 124.80 ಅನ್ನು. ಇವತ್ತಿನ ಮಟ್ಟವನ್ನಲ್ಲ. ಎಷ್ಟೋ ಪ್ರಬಂಧಗಳಲ್ಲಿ ಐಸೊಥರ್ಮ್ ಸಂಖ್ಯೆಯನ್ನೇ "ಈ ಶೇಲ್‌ನಲ್ಲಿರುವ ಗ್ಯಾಸ್" ಅಂತ ಬರೆದಿರುತ್ತಾರೆ. ಅದು ತಪ್ಪು.

ಇವತ್ತಿನ ಮಟ್ಟ ತಿಳಿಯಲು ಇರುವ ದಾರಿ ಕ್ಯಾನಿಸ್ಟರ್. ಬಾವಿಯಿಂದ ಕೋರ್ ಮೇಲೆ ಬಂದ ತಕ್ಷಣ ಗಾಳಿಯಾಡದ ಡಬ್ಬಿಗೆ ಹಾಕಿ, ಆಳದ ಬಿಸಿಯಲ್ಲೇ ಇಟ್ಟು, ಬಿಡುವ ಗ್ಯಾಸನ್ನು ದಿನಗಟ್ಟಲೆ, ವಾರಗಟ್ಟಲೆ ಅಳೆಯುತ್ತಾರೆ. ಕೊನೆಗೆ ಕಲ್ಲನ್ನು ಪುಡಿ ಮಾಡಿ ಉಳಿದದ್ದನ್ನೂ ಅಳೆಯುತ್ತಾರೆ. ಕೋರ್ ಮೇಲೆ ಬರುವ ಹೊತ್ತಿಗೆ ತಪ್ಪಿಸಿಕೊಂಡ ಗ್ಯಾಸ್ ಎಷ್ಟು? ಅದನ್ನು ಸಮಯದ ವರ್ಗಮೂಲದ ಎದುರು ಗೆರೆ ಎಳೆದು, ಹಿಂದಕ್ಕೆ ಚಾಚಿ ಊಹಿಸುತ್ತಾರೆ. ಇದು ಕಲ್ಲಿದ್ದಲಿಗೆ ಅಂತ ಹುಟ್ಟಿದ ವಿಧಾನ. ಕಲ್ಲಿದ್ದಲಿನಲ್ಲಿ ಗ್ಯಾಸ್ ಹೆಚ್ಚಾಗಿ ಅಂಟಿಕೊಂಡಿರುತ್ತದೆ, ನಿಧಾನವಾಗಿ ಬಿಡುತ್ತದೆ. ಶೇಲ್‌ನಲ್ಲಿ ಬಿಡಿ ಗ್ಯಾಸ್ ಬೇಗ ಹಾರಿಹೋಗುತ್ತದೆ. ಹಾಗಾಗಿ ಊಹೆಯ ಪಾಲು ದೊಡ್ಡದು. ಆಳ ಹೆಚ್ಚಿದಷ್ಟೂ ಈ ತೊಂದರೆ ಜಾಸ್ತಿ.

ಹಾಗಾದರೆ ಯಾವುದು? ನೀವು ಬಾವಿಯ ಬಳಿ ಇದ್ದರೆ ಕ್ಯಾನಿಸ್ಟರ್‌ಗೆ ಮೊದಲ ಜಾಗ ಕೊಡಿ, ಎಷ್ಟೇ ಕಷ್ಟ ಆದರೂ. ವರ್ಷಗಳಿಂದ ಕೋರ್ ಶೆಡ್‌ನಲ್ಲಿ ಒಣಗಿದ ಕಲ್ಲಾದರೆ ಆ ಮಾತೇ ಇಲ್ಲ. ಗ್ಯಾಸ್ ಹೋಗಿ ಎಷ್ಟೋ ಕಾಲ ಆಗಿದೆ. ಆಗ ಐಸೊಥರ್ಮ್ ಒಂದೇ ದಾರಿ, ಆದರೆ ಅದನ್ನು ಸಾಮರ್ಥ್ಯ ಅಂತಲೇ ಬರೆಯಿರಿ. ಮಾಡಿಸುವಾಗ ಎರಡು ವಿಷಯ ಕೇಳಿ. ಒಂದು, ಸ್ಯಾಂಪಲ್‌ಗೆ ತೇವ ಕೊಟ್ಟಿದ್ದಾರಾ? ಪೂರ್ತಿ ಒಣ ಕಲ್ಲು ನಿಜಕ್ಕಿಂತ ಜಾಸ್ತಿ ಹೀರುತ್ತದೆ, ಯಾಕೆಂದರೆ ಆಳದಲ್ಲಿ ಜೇಡಿಯ ಮೈಮೇಲೆ ನೀರು ಮೊದಲೇ ಜಾಗ ಹಿಡಿದಿರುತ್ತದೆ. ಎರಡು, ಬಿಸಿ ಎಷ್ಟು? ಬಿಸಿ ಏರಿದಷ್ಟೂ ಅಂಟುವುದು ಕಡಿಮೆ. 30 ಡಿಗ್ರಿಯಲ್ಲಿ ಮಾಡಿದ ಸಂಖ್ಯೆಯನ್ನು 90 ಡಿಗ್ರಿಯ ಆಳಕ್ಕೆ ಹಾಕಿದರೆ ಗ್ಯಾಸ್ ಉಬ್ಬಿಸಿ ಹೇಳಿದ ಹಾಗಾಗುತ್ತದೆ.

ಬಿಡಿ ಗ್ಯಾಸನ್ನು ಪೊರಾಸಿಟಿ (ಖಾಲಿ ಜಾಗದ ಪಾಲು), ನೀರಿನ ಪಾಲು, ಒತ್ತಡ, ಬಿಸಿಯಿಂದ ಲೆಕ್ಕ ಹಾಕಬಹುದು. ಎರಡನ್ನೂ ಸುಮ್ನೆ ಕೂಡಿಸುವ ಮುಂಚೆ ಒಂದು ವಿಷಯ ನೆನಪಿಡಿ. ಅಂಟಿದ ಗ್ಯಾಸೂ ಅದೇ ರಂಧ್ರದಲ್ಲಿ ಜಾಗ ತಿನ್ನುತ್ತದೆ. ಆ ಜಾಗವನ್ನು ಬಿಡಿ ಗ್ಯಾಸ್ ಲೆಕ್ಕದಿಂದ ಕಳೆಯಬೇಕು. 2010ರ ಹೊತ್ತಿಗೆ ಈ ತಿದ್ದುಪಡಿ ಎಲ್ಲರ ಗಮನಕ್ಕೆ ಬಂತು. ಇನ್ನೂ ಅದನ್ನು ಬಿಟ್ಟು ಲೆಕ್ಕ ಹಾಕುವವರಿದ್ದಾರೆ.

ಒಡೆಯುತ್ತದಾ, ಮಣಿಯುತ್ತದಾ

ಎರಡನೇ ಪ್ರಶ್ನೆಗೆ ಬಂದೆವು. ಶೇಲ್‌ನಿಂದ ಗ್ಯಾಸ್ ತೆಗೆಯಲು ನೀರು, ಮರಳನ್ನು ಒತ್ತಡದಲ್ಲಿ ನುಗ್ಗಿಸಿ ಬಿರುಕು ಮಾಡಬೇಕು. ಕಲ್ಲು ಪಟಪಟನೆ ಒಡೆಯಬೇಕು, ಬಿರುಕು ತೆರೆದೇ ಇರಬೇಕು. ಕ್ವಾರ್ಟ್ಜ್, ಸುಣ್ಣ ಜಾಸ್ತಿ ಇದ್ದರೆ ಒಡೆಯುತ್ತದೆ. ಜೇಡಿ ಜಾಸ್ತಿ ಇದ್ದರೆ ಮಣಿಯುತ್ತದೆ, ಬಿರುಕು ಮತ್ತೆ ಮುಚ್ಚಿಕೊಳ್ಳುತ್ತದೆ. ಜೇಡಿ 40% ದಾಟಿದರೆ ಚಿಂತೆ ಮಾಡಬೇಕು ಅನ್ನುವುದು ಸಾಮಾನ್ಯ ಗೆರೆ.

ಇದಕ್ಕೆ ಅತಿ ಅಗ್ಗದ ದಾರಿ ಎಕ್ಸ್‌ಆರ್‌ಡಿ, ಅಂದರೆ ಎಕ್ಸ್-ಕಿರಣ ಬಿಟ್ಟು ಖನಿಜ ಗುರುತಿಸುವುದು. ಕೆಲವು ಗ್ರಾಂ ಪುಡಿ ಸಾಕು. ಖನಿಜಗಳ ಪಾಲು ನೋಡಿ ಒಡೆಯುವ ಗುಣದ ಸೂಚ್ಯಂಕ ತೆಗೆಯಬಹುದು. ಜೇಡಿ ಎಷ್ಟು ಅನ್ನುವುದರ ಜೊತೆ ಯಾವ ಜೇಡಿ ಅಂತಲೂ ಕೇಳಿ. ಸ್ಮೆಕ್ಟೈಟ್ ಇದ್ದರೆ ನೀರು ಬಿದ್ದೊಡನೆ ಉಬ್ಬುತ್ತದೆ. ಉತ್ತರ ಕರ್ನಾಟಕದ ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಾಯಿ ಬಿಡುವುದು ಇದೇ ಜೇಡಿಯಿಂದ. ಬಿರುಕಿಗೆ ನೀರು ನುಗ್ಗಿಸುವ ಕಲ್ಲಿನಲ್ಲಿ ಇದು ಬೇಡದ ಗುಣ. ಗ್ಲೈಕಾಲ್ ಹಾಕಿ ಮತ್ತೊಮ್ಮೆ ಎಕ್ಸ್‌ಆರ್‌ಡಿ ತೆಗೆದರೆ ಗೊತ್ತಾಗುತ್ತದೆ.

ಆದರೆ ಎಕ್ಸ್‌ಆರ್‌ಡಿ ಪುಡಿಯನ್ನು ನೋಡುತ್ತದೆ, ಕಲ್ಲನ್ನಲ್ಲ. ಪದರ ಹೇಗಿದೆ, ಸಿಮೆಂಟ್ ಎಲ್ಲಿದೆ ಅದಕ್ಕೆ ತಿಳಿಯದು. ಒಳ್ಳೆಯ ಪ್ಲಗ್ ಇದ್ದರೆ ಅಲ್ಟ್ರಾಸೋನಿಕ್ ವೇಗ ಅಳೆದು ಯಂಗ್ ಮಾಡ್ಯುಲಸ್ (ಕಲ್ಲಿನ ಬಿಗಿತ), ಪಾಯ್ಸನ್ ಅನುಪಾತ (ಒತ್ತಿದಾಗ ಅಡ್ಡಕ್ಕೆ ಎಷ್ಟು ಉಬ್ಬುತ್ತದೆ ಅನ್ನುವುದು) ತೆಗೆಯಿರಿ. ಕಲ್ಲು ಉಳಿಯುತ್ತದೆ. ಟ್ರೈಆಕ್ಸಿಯಲ್ ಯಂತ್ರದಲ್ಲಿ ಕಲ್ಲನ್ನು ಸುತ್ತಲಿಂದಲೂ ಒತ್ತಿ ಮುರಿದೇ ಅಳೆಯಬಹುದು, ಅದು ಹೆಚ್ಚು ನಿಜ, ಆದರೆ ಪ್ಲಗ್ ಹೋಯಿತು. ಧ್ವನಿಯಿಂದ ಬಂದ ಮಾಡ್ಯುಲಸ್ ಒತ್ತಿ ಅಳೆದದ್ದಕ್ಕಿಂತ ಸಾಮಾನ್ಯವಾಗಿ ಜಾಸ್ತಿ ಇರುತ್ತದೆ. ಯಾವುದರಿಂದ ಬಂತು ಅಂತ ಬರೆಯದೆ ಸಂಖ್ಯೆ ಕೊಡಬೇಡಿ. ಶೇಲ್ ಪದರದ ಉದ್ದಕ್ಕೆ ಒಂದು ಗುಣ, ಅಡ್ಡಕ್ಕೆ ಇನ್ನೊಂದು. ಸಾಧ್ಯವಾದರೆ ಎರಡೂ ದಿಕ್ಕಿನ ಪ್ಲಗ್ ತೆಗೆಯಿರಿ.

ಬಾವಿಯೊಳಗೆ ಉಪಕರಣ ಇಳಿಸಿ ತೆಗೆದ ಅಳತೆಗಳು, ಅಂದರೆ ಲಾಗ್‌ಗಳು ಸಿಕ್ಕರೆ ರೆಸಿಸ್ಟಿವಿಟಿ (ವಿದ್ಯುತ್ ತಡೆ) ಮತ್ತು ಸೋನಿಕ್ (ಧ್ವನಿಯ ವೇಗ) ಗೆರೆಗಳನ್ನು ಒಂದರ ಮೇಲೊಂದು ಇಟ್ಟು ಟಿಒಸಿ ಅಂದಾಜು ಮಾಡುವ, 1990ರಲ್ಲಿ ಬಂದ ವಿಧಾನ ಇದೆ. ಇಡೀ ಬಾವಿಯ ಉದ್ದಕ್ಕೂ ಸಂಖ್ಯೆ ಸಿಗುತ್ತದೆ, ಅದೇ ಅದರ ದೊಡ್ಡ ಲಾಭ. ಆದರೆ ಕೋರ್‌ನ ಅಳತೆಯಿಂದ ತಾಳೆ ನೋಡದೆ ಅದನ್ನು ಬಳಸಬಾರದು.

ಪಾಂಡವಪುರದ ಹುಡುಗ ಏನು ಮಾಡಿದ

ಅವನ ಕಲ್ಲು ಬ್ಯಾರನ್ ಮೆಷರ್ಸ್ ಪದರದ್ದು. ಒಳ್ಳೆಯ ಕಲ್ಲಿದ್ದಲು ಇಲ್ಲ ಅಂತ ಹಿಂದಿನವರು "ಬಂಜರು" ಅಂತ ಹೆಸರಿಟ್ಟ ಪದರ. ಅದೇ ಪದರದಿಂದ, ದುರ್ಗಾಪುರದ ಹತ್ತಿರ ಇಚ್ಛಾಪುರದಲ್ಲಿ ಒಎನ್‌ಜಿಸಿ ಕೊರೆದ ಬಾವಿಯಲ್ಲಿ, ಸುಮಾರು 1,700 ಮೀಟರ್ ಆಳದಿಂದ 2011ರ ಜನವರಿಯಲ್ಲಿ ಗ್ಯಾಸ್ ಬಂತು. ದೇಶದ ಮೊದಲ ಶೇಲ್ ಗ್ಯಾಸ್ ಅದು. ಇದನ್ನು ಹೇಳಿದಾಗ ಅವನ ಮುಖ ಅರಳಿತು.

ಹದಿನಾಲ್ಕರಲ್ಲೂ ಆಮ್ಲದ ಹನಿ ಬಿಟ್ಟು ನೋಡಿದೆವು. ಎರಡರಲ್ಲಿ ಮಾತ್ರ ನೊರೆ ಬಂತು. ಒಂದು ತುಂಡು ಡೈಕ್ ಪಕ್ಕದ್ದು ಅಂತ ಬೋರ್‌ಹೋಲ್ ಪಟ್ಟಿಯಲ್ಲೇ ಇತ್ತು, ಅದನ್ನು ಬೇರೆ ಇಟ್ಟೆವು. ಉಳಿದ ಹದಿಮೂರಕ್ಕೂ ರಾಕ್-ಇವಾಲ್, ಎಂಟಕ್ಕೆ ಎಕ್ಸ್‌ಆರ್‌ಡಿ, ಟಿಒಸಿ ಜಾಸ್ತಿ ಬರುವ ಮೂರಕ್ಕೆ ವಿಟ್ರಿನೈಟ್, ಅದೇ ಮೂರಕ್ಕೆ ನೈಟ್ರೋಜನ್ ಮತ್ತು ಕಾರ್ಬನ್ ಡೈಆಕ್ಸೈಡ್ ಅಂತ ತೀರ್ಮಾನ ಆಯಿತು. ಐಸೊಥರ್ಮ್ ಬಿಟ್ಟೆವು. ಅದನ್ನು ಬಿಡಲು ಅವನಿಗೆ ಮನಸ್ಸಿರಲಿಲ್ಲ. "ಗ್ಯಾಸ್ ಅಂತ ಹೆಸರಿಟ್ಟು ಗ್ಯಾಸ್ ಅಳೆಯದಿದ್ದರೆ ಹೇಗೆ ಮೇಡಂ?" ಅಂದ. ಒಂದೇ ಒಂದು ಐಸೊಥರ್ಮ್‌ಗೆ ಆಗುವ ಖರ್ಚಿನಲ್ಲಿ ಎಂಟು ಕಲ್ಲುಗಳ ಜೇಡಿ ಗೊತ್ತಾಗುತ್ತದೆ ಅಲ್ವಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿಕೊಂಡ. ಪ್ರಾಜೆಕ್ಟ್ ಹೆಸರನ್ನೂ ಬದಲಾಯಿಸಿದ. ಈಗ ಅದರಲ್ಲಿ "ಗ್ಯಾಸ್ ಪ್ರಮಾಣ" ಅಂತಿಲ್ಲ, "ಗ್ಯಾಸ್ ಹುಟ್ಟುವ ಮತ್ತು ಕಲ್ಲು ಒಡೆಯುವ ಗುಣ" ಅಂತಿದೆ.

ಪ್ರತಿ ತುಂಡನ್ನೂ ಅರ್ಧಕ್ಕೆ ಸೀಳಿ, ಒಂದರ್ಧವನ್ನು ಆಳ ಬರೆದ ಕವರ್‌ನಲ್ಲಿ ನಮ್ಮ ವಿಭಾಗದ ಬೀರುವಿನಲ್ಲಿ ಇಟ್ಟಿದ್ದೇವೆ. ಉಳಿದರ್ಧ ಸೋಮವಾರ ಕೊರಿಯರ್‌ನಲ್ಲಿ ಹೋಯಿತು. ಡಬ್ಬಿಯ ಮೇಲೆ ಅವನೇ ಕೈಬರಹದಲ್ಲಿ ಬರೆದಿದ್ದ: 110 ಡಿಗ್ರಿ ದಾಟಿಸಬೇಡಿ.